ನೀರಿನ ಬೆನ್ನು ಹತ್ತಿದ ಬೇಸಿಗೆಗಳು

ಬೇಸಿಗೆ ಸೂಟಿ ಬಿತ್ತೆಂದರೆ ಪುಣೆಯ ಸ್ವಾರಗೇಟ ಬಸ್ ನಿಲ್ದಾಣದಲ್ಲಿ ಕನ್ನಡ ಜೋರಾಗಿ ಕೇಳಿಸತೊಡಗುತ್ತದೆ. ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯ ಬಸ್ಸುಗಳಿಗೆ ಚೀಲ ಏರಿಸುವವರು, ಕಿಡಕಿ ಪಕ್ಕದ ಸೀಟಿಗಾಗಿ ಜಗಳಾಡುವ ಮಕ್ಕಳು, ಬುತ್ತಿ ಗಂಟಿನಿಂದ ಬರುವ ಶೇಂಗಾ ಚಟ್ನಿಯ ವಾಸನೆ. ಪುಣೆಯ ನಮ್ಮವರ ಮಕ್ಕಳಿಗೆ ಬೇಸಿಗೆ ಎಂದರೆ ಅಜ್ಜಿಯ ಊರು. ಆದರೆ ಊರಿಗೆ ಹೋಗಲಾಗದ ವರ್ಷಗಳೂ ಬರುತ್ತಿದ್ದವು. ಅಂಥ ಒಂದು ವರ್ಷವೇ ನಾವು ಮೂರ್ನಾಲ್ಕು ಮನೆಯವರು ಮಕ್ಕಳನ್ನು ಕರೆದುಕೊಂಡು ನಸುಕಿನಲ್ಲಿ ಪರ್ವತಿ ಗುಡ್ಡ ಏರತೊಡಗಿದ್ದು.

ದೊಡ್ಡವರಿಗಾಗಿ ಪುಣೆ ನಡೆಸುವ ಬೇಸಿಗೆ ಶಾಲೆ ಬಹಳ ಹಳೆಯದು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1875ರಲ್ಲಿ ಆರಂಭಿಸಿದ ವಸಂತ ವ್ಯಾಖ್ಯಾನಮಾಲೆಗೆ 150 ವರ್ಷ ತುಂಬಿದೆ. ಏಪ್ರಿಲ್ 21ರಿಂದ ಮೇ 20ರವರೆಗೆ ಟಿಳಕ ರಸ್ತೆಯ ಟಿಳಕ ಸ್ಮಾರಕ ಮಂದಿರದಲ್ಲಿ ಸಂಜೆಯ ಉಪನ್ಯಾಸಗಳು. ಸ್ವಾರಗೇಟಿನಿಂದ ನಡೆದೇ ಹೋಗಬಹುದು. ನಡೆಸುವ ಸಂಸ್ಥೆಯ ಹೆಸರು ವಕ್ತೃತ್ವೋತ್ತೇಜಕ ಸಭಾ. ಮರಾಠಿ ನನಗಿನ್ನೂ ತೊಡರುತ್ತಿದ್ದ ದಿನಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಅರ್ಧ ತಿಳಿದು, ಅರ್ಧ ಊಹಿಸಿ ಕೇಳಿದ್ದೇನೆ. ಪುಣೆ ನನಗೆ ತನ್ನ ಬಾಗಿಲು ತೆರೆದದ್ದು ಆ ಸಭಾಂಗಣದಲ್ಲಿ. ಈಗಲೂ ಆ ಋಣ ನನ್ನ ಮೇಲಿದೆ.

ಅಲ್ಲಿ ಕಿವಿಗೆ ಬಿದ್ದದ್ದನ್ನು ಮರುದಿನ ಬೆಳಿಗ್ಗೆ ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂಬ ಆಸೆ ಹುಟ್ಟಿತು. ಪರ್ವತಿಯ 103 ಮೆಟ್ಟಿಲು ಹತ್ತಿದರೆ ದೇವದೇವೇಶ್ವರ ಗುಡಿ. ನಾನಾಸಾಹೇಬ ಪೇಶ್ವೆ 1749ರಲ್ಲಿ ಕಟ್ಟಿಸಿದ್ದು. ಪಾಣಿಪತದ ಸೋಲಿನ ಸುದ್ದಿಯಿಂದ ಕುಗ್ಗಿಹೋದ ನಾನಾಸಾಹೇಬ 1761ರಲ್ಲಿ ಕಣ್ಣು ಮುಚ್ಚಿದ್ದೂ ಇದೇ ಗುಡ್ಡದ ಮೇಲೆ. 1817ರ ನವೆಂಬರ್ 5ರಂದು ಎರಡನೆಯ ಬಾಜೀರಾಯ ಖಡಕಿಯ ಕಾಳಗವನ್ನು ಇಲ್ಲಿಂದಲೇ ನೋಡುತ್ತಿದ್ದ. ಮಕ್ಕಳಿಗೆ ಈ ಕಥೆ ಬಲು ಇಷ್ಟ. ಖಡಕಿ ಯಾವ ಕಡೆ ಎಂದು ಕೇಳಿ ಆ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದರು.

ಆದರೆ ನಮ್ಮ ತಿರುಗಾಟಕ್ಕೆ ದಾರಿ ತೋರಿದ್ದು ನೀರು. ನಾನಾಸಾಹೇಬನ ಕಾಲದಲ್ಲಿ ಕಾತ್ರಜದ ಬಳಿ ಆಂಬಿಲ್ ಹಳ್ಳಕ್ಕೆ ಒಡ್ಡು ಹಾಕಿ ಕೆರೆ ಮಾಡಿದರು. ಅಲ್ಲಿಂದ ಸುಮಾರು 8 ಕಿ.ಮೀ. ದೂರದ ಪೇಟೆಗೆ, ಒಳಗೆ ಆಳು ನಡೆಯುವಷ್ಟು ಎತ್ತರದ ಕಲ್ಲಿನ ನೆಲಗಾಲುವೆಯಲ್ಲಿ ನೀರು ತಂದರು. ಪಂಪಿಲ್ಲ, ಯಂತ್ರವಿಲ್ಲ, ನೆಲದ ಇಳಿಜಾರೇ ಆಧಾರ. ದಾರಿಯುದ್ದಕ್ಕೂ ಗಾಳಿ ಹೊರಹೋಗಲೆಂದು ಉಚ್ಛ್ವಾಸ ಎಂಬ ಕಂಬದಂಥ ಕಟ್ಟಡಗಳು. ಊರೊಳಗೆ ನೀರು ಬಂದು ಬೀಳುತ್ತಿದ್ದ ತೊಟ್ಟಿಗಳಿಗೆ ಹೌದ ಎಂದು ಹೆಸರು. ಕಾಳಾ ಹೌದ, ಸದಾಶಿವ ಹೌದ, ಫಡಕೆ ಹೌದ. ನಮ್ಮ ಕಡೆಯೂ ಹಿರಿಯರು ನೀರಿನ ತೊಟ್ಟಿಗೆ ಹೌದ ಅಂತಲೇ ಅನ್ನುತ್ತಾರೆ.

ಒಂದು ಉಚ್ಛ್ವಾಸದ ಮುಂದೆ ನಿಂತಾಗ ವಿಜಯಪುರ ಮೂಲದ ಒಬ್ಬ ಹುಡುಗಿ ಅಪ್ಪನ ಕೈ ಜಗ್ಗಿ, “ಅಪ್ಪಾ, ಇದು ನಮ್ಮೂರಿನ ಗಂಜ್ ಇದ್ದಾಂಗ ಅದಲ್ಲ?” ಎಂದಳು. ನಾವು ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಹೇಳಿದ್ದು ಸರಿಯಾಗಿತ್ತು. 1651ರಲ್ಲಿ ಮುಹಮ್ಮದ್ ಆದಿಲಶಾಹನ ಕಾಲಕ್ಕೆ ಆದ ಬೇಗಂ ತಲಾಬಿನಿಂದ ವಿಜಯಪುರದ ಕೋಟೆಯೊಳಕ್ಕೆ ಕೊಳವೆಗಳಲ್ಲಿ ನೀರು ಬರುತ್ತಿತ್ತು; ಅದರ ಒತ್ತಡ ತಗ್ಗಿಸಲು, ರಾಡಿ ತಳಕ್ಕಿಳಿಯಲು ಅಲ್ಲಲ್ಲಿ ಗಂಜ್ ಎಂಬ ಗೋಪುರ ಕಟ್ಟಿದ್ದರು. ಅದಾಗಿ ಒಂದು ಶತಮಾನದ ನಂತರ ಪುಣೆಯಲ್ಲಿ ಅದೇ ಬಗೆಯ ವಿದ್ಯೆ. ಯಾರಿಂದ ಯಾರು ಕಲಿತರು ಎಂದು ನಾನು ಹೇಳಲಾರೆ. ದಖ್ಖನಿನ ಒಣನೆಲದಲ್ಲಿ ನೀರಿಗಾಗಿ ತಲೆ ಓಡಿಸಿದವರ ಯೋಚನೆ ಗಡಿ ನೋಡಿ ನಿಲ್ಲಲಿಲ್ಲ ಎಂಬುದಂತೂ ಆ ಹುಡುಗಿಗೆ ನಮಗಿಂತ ಮೊದಲೇ ಹೊಳೆದಿತ್ತು. ಪುಣೆಯ ಚರಿತ್ರೆ ಬೇರೆಯವರದು, ನಾವಿಲ್ಲಿ ಬಾಡಿಗೆಗೆ ಬಂದವರು ಎಂಬ ಅಳುಕು ನನ್ನಲ್ಲಿ ಸಡಿಲವಾದದ್ದು ಅಂದು.

2019ರಲ್ಲಿ ಸ್ವಾರಗೇಟಿನಲ್ಲಿ ಮೆಟ್ರೋ ಕೆಲಸಕ್ಕೆ ನೆಲ ಅಗೆದಾಗ ಹಳೆಯ ನೀರಿನ ಸುರಂಗವೊಂದು ಬಾಯಿ ತೆರೆಯಿತು. ನಿತ್ಯ ನಾವು ಬಸ್ಸಿಗೆ ಕಾಯುತ್ತಿದ್ದ ನೆಲದ ಕೆಳಗೆ! ಅದೇ ವರ್ಷ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಹಳ್ಳ ಉಕ್ಕಿ ದಂಡೆಯ ವಸತಿಗಳಿಗೆ ನುಗ್ಗಿತು, ಜೀವಗಳು ಹೋದವು. ಹಳ್ಳದ ದಾರಿ ಒತ್ತಿ ಮನೆ ಕಟ್ಟಿದರೆ ಏನಾಗುತ್ತದೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿ ಬಂದ ದಿನಗಳವು. ಹೇಳುವಾಗ ಗಂಟಲು ಕಟ್ಟುತ್ತಿತ್ತು.

ಪರ್ವತಿಯ ಬುಡಕ್ಕೇ ಮುಠಾ ಬಲದಂಡೆ ಕಾಲುವೆ ಹರಿಯುತ್ತದೆ. ನೀರು ಬರುವುದು ಖಡಕವಾಸಲಾದಿಂದ. ಪುಣೆಯಲ್ಲೇ ಎಂಜಿನಿಯರಿಂಗ್ ಓದಿದ ನಮ್ಮ ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಅಳವಡಿಸಿದ್ದು ಆ ಅಣೆಕಟ್ಟೆಗೆ, 1903ರಲ್ಲಿ. ಒಡ್ಡು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಿ, ನೆರೆ ಏರಿದರೆ ತಾವಾಗಿ ತೆರೆದುಕೊಳ್ಳುವ ಗೇಟುಗಳು. ಕನ್ನಂಬಾಡಿಗೂ ಮುಂದೆ ಅದೇ ಬಗೆಯವು ಬಂದವು. ಕಾಲುವೆಯ ಪಕ್ಕ ನಿಂತು ಇದನ್ನು ಹೇಳುವಾಗ ನನ್ನ ದನಿ ತುಸು ಏರುತ್ತಿತ್ತು ಎಂದು ಮನೆಯವರು ಈಗಲೂ ನೆನಪಿಸುತ್ತಾರೆ.

ಸಾರಸಬಾಗಿನ ಗಣಪತಿಯನ್ನು ಮರಾಠಿಯಲ್ಲಿ ತಳ್ಯಾತಲಾ ಗಣಪತಿ, ಅಂದರೆ ಕೆರೆಯೊಳಗಿನ ಗಣಪತಿ ಎನ್ನುತ್ತಾರೆ; ಸುತ್ತ ಇದ್ದ ಕೆರೆ ಈಗ ಹುಲ್ಲಿನ ತೋಟ. ಅದಕ್ಕಂಟಿದ ಪೇಶ್ವೆ ಪಾರ್ಕು 1953ರದು. ಅಲ್ಲಿ ಫುಲರಾಣಿ ಪುಟಾಣಿ ರೈಲು ಓಡತೊಡಗಿದ್ದು 1956ರಲ್ಲಿ. ಪಾರ್ಕಿನ ಇಕ್ಕಟ್ಟಾದ ಪಂಜರಗಳಲ್ಲಿದ್ದ ಪ್ರಾಣಿಗಳು ಮುಂದೆ ಕಾತ್ರಜದ ವಿಶಾಲ ಜಾಗಕ್ಕೆ ಹೋದವು. ನೀಲಿಮಕುಮಾರ ಖೈರೆಯವರ ಮುಂದಾಳುತನದ ಸರ್ಪೋದ್ಯಾನ 1986ರಿಂದಲೇ ಅಲ್ಲಿತ್ತು. ಕೇರೆಹಾವು ಕಂಡರೆ ಕಲ್ಲೆತ್ತುತ್ತಿದ್ದ ನಮ್ಮ ಹುಡುಗರು ಆ ಉದ್ಯಾನ ನೋಡಿ ಬಂದ ಮೇಲೆ ಕಲ್ಲು ಕೆಳಗಿಟ್ಟರು.

ತಳಜಾಯಿ ಗುಡ್ಡಕ್ಕೆ ಹೋದ ಬೆಳಿಗ್ಗೆಗಳ ಬಗ್ಗೆ ಇನ್ನೂ ಬರೆಯಬೇಕು. ನವಿಲಿನ ಕೂಗು, ಟುಕ್ ಟುಕ್ ಎಂದು ಬಿಡದೆ ಬಡಿಯುವ ಚೆಂಬುಕುಟಿಗ, ಹೂತು ಹಳದಿಯಾದ ಕಕ್ಕೆ. ಮಕ್ಕಳು ಒಂದು ವಹಿಯಲ್ಲಿ ಒಂದೊಂದಕ್ಕೂ ಎರಡೆರಡು ಹೆಸರು ಬರೆದುಕೊಳ್ಳುತ್ತಿದ್ದರು. ಕಕ್ಕೆಗೆ ಮರಾಠಿಯಲ್ಲಿ ಬಹಾವಾ. ಕನ್ನಡದ ಹೆಸರು ನನಗೆ ಗೊತ್ತಿಲ್ಲದಿದ್ದರೆ ಊರಿಗೆ ಫೋನು ಹಚ್ಚುವುದು, ಅಜ್ಜಿಗೆ ಎಲೆಯ ಆಕಾರ ವಿವರಿಸುವುದು. ಆ ವಹಿಯಲ್ಲಿ ಹೀಗೆ ಫೋನಿನಲ್ಲಿ ಬಂದ ಹೆಸರುಗಳೇ ಹೆಚ್ಚು.

ಮರುವರ್ಷ ಸೂಟಿಗೆ ಆ ಹುಡುಗಿ ವಿಜಯಪುರದ ಬಸ್ಸು ಹತ್ತಿದಳು. ವಹಿ ಚೀಲದಲ್ಲಿತ್ತು. ಬೇಗಂ ತಲಾಬಿನಿಂದ ಕೋಟೆಯವರೆಗೆ ಗಂಜುಗಳನ್ನು ಎಣಿಸುತ್ತ ನಡೆಯುತ್ತೇನೆ, ತಾತನೂ ಬರುತ್ತೇನೆ ಅಂದಿದ್ದಾರೆ ಎಂದು ಕಿಡಕಿಯಿಂದ ಕೂಗಿ ಹೇಳಿದಳು.