ಗುದ್ದಲಿ ಪೂಜೆಯಿಂದ ಫೈನಲ್ ಬಿಲ್‌ವರೆಗೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸರಕಾರಿ ಕಾಮಗಾರಿಗಳ ಲೆಕ್ಕ

ಬಿ.ಸಿ.ರೋಡ್‌ನಲ್ಲಿ ನಿಂತು ಪೂರ್ವಕ್ಕೆ ಹೊರಟರೆ ಕಲ್ಲಡ್ಕದ ಮೇಲ್ಸೇತುವೆ. ಈಶಾನ್ಯಕ್ಕೆ ತಿರುಗಿದರೆ ಪುಂಜಾಲಕಟ್ಟೆ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಗೆ ಹೋಗುವ ಅಗಲೀಕರಣದ ರಸ್ತೆ. ಬಂಟ್ವಾಳ ಪೇಟೆಯಿಂದ ಉತ್ತರಕ್ಕೆ ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆ ಸೇರಿದರೆ ಅಲ್ಲಿ ಇನ್ನೊಂದು ಚತುಷ್ಪಥ. ಈ ಮೂರರ ನಡುವೆ ನೂರಾರು ಸಣ್ಣ ಕಾಮಗಾರಿಗಳಿವೆ: ಕಾಲನಿಯ ಕಾಂಕ್ರೀಟ್ ರಸ್ತೆ, ತೋಡಿಗೆ ಕಿಂಡಿ ಅಣೆಕಟ್ಟು, ಶಾಲೆಯ ಕೋಣೆ, ಕಾಲುಸಂಕ, ನೀರಿನ ಟ್ಯಾಂಕ್. ಎಲ್ಲವೂ ಸರಕಾರದ ಹಣವೇ. ಆದರೆ ಎಲ್ಲದರ ಲೆಕ್ಕವೂ ಒಂದೇ ಕಡೆ ಸಿಗುವುದಿಲ್ಲ, ಒಂದೇ ರೀತಿಯಲ್ಲಿಯೂ ಇರುವುದಿಲ್ಲ. ಕೆಲಸ ಎಲ್ಲಿಗೆ ಬಂತು, ಹಣ ಎಷ್ಟು ಹೋಯಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಆ ಲೆಕ್ಕದ ಸ್ವರೂಪ ಗೊತ್ತಿರಬೇಕು.

ಮೊದಲ ಪ್ರಶ್ನೆ: ಇದು ಯಾರ ರಸ್ತೆ?

ರಸ್ತೆ ಹಾಳಾದರೆ ಜನ ಮೊದಲು ಬೈಯುವುದು ಪಂಚಾಯತ್ ಸದಸ್ಯರನ್ನು, ಆಮೇಲೆ ಶಾಸಕರನ್ನು. ಬಹಳಷ್ಟು ಸಲ ಆ ರಸ್ತೆ ಅವರಿಬ್ಬರದ್ದೂ ಆಗಿರುವುದಿಲ್ಲ.

ಬಿ.ಸಿ.ರೋಡ್‌ನಿಂದ ಅಡ್ಡಹೊಳೆವರೆಗಿನ ರಾಷ್ಟ್ರೀಯ ಹೆದ್ದಾರಿ 75ರ ಚತುಷ್ಪಥ ಕೆಲಸ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಮೂಡುಬಿದಿರೆಯನ್ನು ಹಾದು ಹೋಗುವ ಹೆದ್ದಾರಿ 169ರ ಬಿಕರ್ನಕಟ್ಟೆ–ಸಾಣೂರು ಭಾಗವೂ ಪ್ರಾಧಿಕಾರದ್ದೇ. ಆದರೆ ಬೆಳ್ತಂಗಡಿಯ ಹೆದ್ದಾರಿ 73ರ ಅಗಲೀಕರಣ ನಡೆಯುತ್ತಿರುವುದು ಕೇಂದ್ರದ ಹಣದಲ್ಲಿ, ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಮೂಲಕ. ಮೂರೂ ‘ರಾಷ್ಟ್ರೀಯ ಹೆದ್ದಾರಿ’ಯೇ ಆದರೂ ಅರ್ಜಿ ಹಿಡಿದು ಹೋಗಬೇಕಾದ ಕಚೇರಿ ಬೇರೆ.

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರುತ್ತವೆ. ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ನೋಡುತ್ತದೆ, ಕಿಂಡಿ ಅಣೆಕಟ್ಟುಗಳನ್ನು ಸಣ್ಣ ನೀರಾವರಿ ಇಲಾಖೆ. ಬಂಟ್ವಾಳ, ಮೂಡುಬಿದಿರೆ ಪುರಸಭೆಗಳಿಗೂ ಬೆಳ್ತಂಗಡಿ ಪಟ್ಟಣ ಪಂಚಾಯತ್‌ಗೂ ಅವುಗಳದೇ ಎಂಜಿನಿಯರ್‌ಗಳಿದ್ದಾರೆ. ಇವುಗಳ ಜತೆಗೆ ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರದಂಥ ಸರಕಾರಿ ನಿರ್ಮಾಣ ಸಂಸ್ಥೆಗಳಿವೆ. ಟೆಂಡರ್ ನಿಯಂತ್ರಿಸುವ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಸಿಕ್ಕರೆ ಇವುಗಳಿಗೆ ಟೆಂಡರ್ ಇಲ್ಲದೆಯೇ ಕೆಲಸ ವಹಿಸಬಹುದು. ಶಾಸಕರ ವಾರ್ಷಿಕ 2 ಕೋಟಿ, ಸಂಸದರ ವಾರ್ಷಿಕ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿಯೂ ಕೆಲಸ ಮಾಡಿಸುವುದು ಇಂಥದೇ ಯಾವುದೋ ಸಂಸ್ಥೆ. ಹಾಗಾಗಿ ಫಲಕದಲ್ಲಿ ಯಾರ ಹೆಸರು ದೊಡ್ಡದಿದೆ ಎಂಬುದಕ್ಕಿಂತ ಅನುಷ್ಠಾನ ಇಲಾಖೆ ಯಾವುದು ಎಂಬ ಸಣ್ಣ ಅಕ್ಷರದ ಸಾಲು ಮುಖ್ಯ.

ಕಾಗದದ ದಾರಿ

ಪತ್ರಿಕೆಯಲ್ಲಿ ಫೋಟೊ ಬರುವುದು ಗುದ್ದಲಿ ಪೂಜೆಯ ದಿನ. ಕಾಮಗಾರಿ ಹುಟ್ಟುವುದು ಅದಕ್ಕೂ ಮೊದಲು, ಅಂದಾಜುಪಟ್ಟಿಯಲ್ಲಿ. ಇಲಾಖೆಯ ದರಪಟ್ಟಿಯನ್ನು, ಕಚೇರಿಯ ಮಾತಿನಲ್ಲಿ ಎಸ್.ಆರ್. ದರವನ್ನು ಹಿಡಿದು, ಮಣ್ಣು ಅಗೆತ ಎಷ್ಟು, ಜಲ್ಲಿ ಎಷ್ಟು, ಡಾಮರು ಎಷ್ಟು ಎಂದು ಎಂಜಿನಿಯರ್ ಲೆಕ್ಕ ಕಟ್ಟುತ್ತಾರೆ. ಹಣ ಕೊಡಲು ಒಪ್ಪಿಗೆ ಎಂಬುದು ಆಡಳಿತಾತ್ಮಕ ಅನುಮೋದನೆ. ಲೆಕ್ಕ ಮತ್ತು ನಕ್ಷೆ ಸರಿಯಿದೆ ಎಂಬುದು ತಾಂತ್ರಿಕ ಮಂಜೂರಾತಿ. ಆಮೇಲೆ ಟೆಂಡರ್, ಕರಾರು, ಕಾರ್ಯಾದೇಶ.

ಟೆಂಡರ್ ಕರೆಯುವುದನ್ನು ನಿಯಂತ್ರಿಸುವುದು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಕರ್ನಾಟಕ ಅಧಿನಿಯಮ. ಈಗ ಟೆಂಡರ್‌ಗಳು ಕೆಪಿಪಿಪಿ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತವೆ. ಅಂದಾಜಿಗಿಂತ ತೀರ ಕಡಿಮೆಗೆ ಕೆಲಸ ಹಿಡಿದ ಗುತ್ತಿಗೆದಾರನ ರಸ್ತೆಯ ಮೇಲೆ ಹೆಚ್ಚು ಕಣ್ಣಿಡಬೇಕು ಎಂಬುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಬಿಟ್ಟುಕೊಟ್ಟ ಹಣವನ್ನು ಎಲ್ಲಿಂದಾದರೂ ಎತ್ತಲೇಬೇಕಲ್ಲ! ಇನ್ನೊಂದು ಹಳೆಯ ಉಪಾಯ ತುಂಡು ಗುತ್ತಿಗೆ. ಒಂದೇ ರಸ್ತೆಯನ್ನು ಮೂರು ನಾಲ್ಕು ಹೆಸರಿನಲ್ಲಿ ತುಂಡು ಮಾಡಿದರೆ ಪ್ರತಿ ತುಂಡೂ ಟೆಂಡರ್‌ನ ಮಿತಿಗಿಂತ ಕೆಳಗೆ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಪುಸ್ತಕ

ಇಡೀ ವ್ಯವಸ್ಥೆಯಲ್ಲಿ ಹಣವನ್ನೂ ನೆಲವನ್ನೂ ಒಂದಕ್ಕೊಂದು ಕಟ್ಟಿಹಾಕುವ ದಾಖಲೆ ಒಂದೇ: ಅಳತೆ ಪುಸ್ತಕ, ಎಲ್ಲರೂ ಕರೆಯುವ ಹೆಸರಿನಲ್ಲಿ ಎಂ.ಬಿ. ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಸ್ಥಳಕ್ಕೆ ಹೋಗಿ ಉದ್ದ, ಅಗಲ, ದಪ್ಪ ಅಳೆದು ಅದರಲ್ಲಿ ಬರೆಯಬೇಕು. ಮೇಲಿನ ಎಂಜಿನಿಯರ್ ಅದರಲ್ಲಿ ಒಂದು ಪಾಲನ್ನು ಮರು ಅಳೆದು ನೋಡಬೇಕು. ಆ ಅಳತೆಯನ್ನು ಟೆಂಡರ್ ದರದಿಂದ ಗುಣಿಸಿದಾಗ ಬರುವುದೇ ಬಿಲ್ಲು. ಎಂ.ಬಿ. ಬರೆಯದೆ ಬಿಲ್ಲಾಗದು.

ಸಣ್ಣ ಲೆಕ್ಕ ಹಾಕಿ ನೋಡೋಣ. 500 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಎಂದರೆ 225 ಘನ ಮೀಟರ್ ಕಾಂಕ್ರೀಟ್. ಅದನ್ನು 12 ಸೆಂಟಿಮೀಟರ್ ದಪ್ಪಕ್ಕೆ ಹಾಕಿ ಮುಗಿಸಿದರೆ 180 ಘನ ಮೀಟರ್ ಸಾಕು. ಉದ್ದ ಸರಿಯಿದೆ, ಅಗಲ ಸರಿಯಿದೆ, ನೋಡಲಿಕ್ಕೆ ರಸ್ತೆಯೂ ಚಂದ. ಆದರೆ ಕಾಂಕ್ರೀಟಿನ ಐದನೇ ಒಂದು ಪಾಲು ಇಲ್ಲ. ಉದ್ದ ಅಗಲವನ್ನು ಯಾರು ಬೇಕಾದರೂ ಅಳೆಯಬಹುದು. ಕಳವು ಅಡಗುವುದು ದಪ್ಪದಲ್ಲಿ. ರಸ್ತೆಯ ಅಂಚನ್ನು ಮಣ್ಣಿನಿಂದ ಮುಚ್ಚುವ ಮೊದಲು ಒಂದು ಸ್ಕೇಲ್ ಹಿಡಿದು ನೋಡಿದರೆ ತಿಳಿಯುವ ವಿಷಯ, ಮುಚ್ಚಿದ ಮೇಲೆ ಕೋರ್ ಕೊರೆದು ತೆಗೆದರೆ ಮಾತ್ರ ತಿಳಿಯುತ್ತದೆ.

ಇಂಡೊನೇಷ್ಯಾದ ಜಾವಾದಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ಹೀಗೆಯೇ ಕೊರೆದು ನೋಡಿದರು. 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆಗಳಿಂದ ಮಾದರಿ ತೆಗೆದು, ನಿಜವಾಗಿ ಬಿದ್ದ ಸಾಮಗ್ರಿಗೂ ಲೆಕ್ಕದಲ್ಲಿ ತೋರಿಸಿದ ಸಾಮಗ್ರಿಗೂ ಇರುವ ಅಂತರವನ್ನು ಲೆಕ್ಕ ಹಾಕಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಸರಕಾರಿ ಲೆಕ್ಕಪರಿಶೋಧನೆ ಖಚಿತ ಎಂದು ಮೊದಲೇ ಹೇಳಿದ ಹಳ್ಳಿಗಳಲ್ಲಿ ಕಾಣೆಯಾದ ವೆಚ್ಚ ಸುಮಾರು 8 ಶೇಕಡಾಂಶ ಇಳಿಯಿತು. ಹಳ್ಳಿಯವರನ್ನು ಹೆಚ್ಚು ಸಭೆಗೆ ಕರೆದದ್ದರಿಂದ ಆದ ಸರಾಸರಿ ಪರಿಣಾಮ ಕಡಿಮೆ. ಗ್ರಾಮಸಭೆಯ ಬಗ್ಗೆ ಭಾಷಣ ಮಾಡುವವರಿಗೆ ಇದು ಹಿತವಾದ ಸುದ್ದಿಯಲ್ಲ. ಸಭೆಗೆ ಅಳತೆಯ ಕಾಗದ ಬಾರದಿದ್ದರೆ ಜನ ಏನನ್ನು ತಾನೇ ಪ್ರಶ್ನಿಸುವುದು?

ಎರಡು ಬಗೆಯ ಪ್ರಗತಿ

ತಾಲೂಕಿನ ಕೆಡಿಪಿ ಸಭೆಯಲ್ಲಿ, ಅಂದರೆ ಶಾಸಕರ ಅಧ್ಯಕ್ಷತೆಯ ಪ್ರಗತಿ ಪರಿಶೀಲನೆಯಲ್ಲಿ, ಅಧಿಕಾರಿಗಳು ಓದುವ ಪಟ್ಟಿಯಲ್ಲಿ ಎರಡು ಅಂಕಣ ಇರುತ್ತವೆ: ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ. ಕೆಲಸ ಎಷ್ಟಾಯಿತು ಎಂಬುದು ಮೊದಲನೆಯದು, ಹಣ ಎಷ್ಟು ಖರ್ಚಾಯಿತು ಎಂಬುದು ಎರಡನೆಯದು. ಕೆಲಸ ಮುಂದೆ, ಹಣ ಹಿಂದೆ ಇದ್ದರೆ ಸಾಮಾನ್ಯವಾಗಿ ಬಿಲ್ಲು ಬಾಕಿಯಿದೆ ಎಂದರ್ಥ; ಗುತ್ತಿಗೆದಾರ ಕೆಲಸ ನಿಧಾನ ಮಾಡುವ ಹೊತ್ತು ಹತ್ತಿರವಾಗಿದೆ. ಹಣ ಮುಂದೆ, ಕೆಲಸ ಹಿಂದೆ ಇದ್ದರೆ ಎಂ.ಬಿ. ಕೇಳಬೇಕಾದ ಹೊತ್ತು ಬಂದಿದೆ. ಮಾರ್ಚ್ ತಿಂಗಳಲ್ಲಿ ಎರಡನೆಯ ಅಂಕಣ ದಿಢೀರನೆ ಏರುವುದು ವರ್ಷ ವರ್ಷದ ಕಥೆ.

ಶೇಕಡಾ 100 ಎಂದು ಬರೆದ ಮೇಲೆಯೂ ಕೆಲಸ ಜನರಿಗೆ ಉಪಯೋಗಕ್ಕೆ ಬಂದಿದೆ ಎಂದಲ್ಲ. ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಮಂಗಳೂರಿಗೆ ನೀರು ಕೊಡಲು ನೇತ್ರಾವತಿಗೆ ಕಟ್ಟಿದ ಹೊಸ ಕಿಂಡಿ ಅಣೆಕಟ್ಟಿನ ಎತ್ತರ 7 ಮೀಟರ್. ಅಣೆಕಟ್ಟು ಎದ್ದು ನಿಂತ ಮೇಲೂ ಪೂರ್ಣ ಎತ್ತರಕ್ಕೆ ನೀರು ನಿಲ್ಲಿಸಲು ಆಗಲಿಲ್ಲ, ಮುಳುಗುವ ಕೃಷಿ ಭೂಮಿಯ ಪರಿಹಾರ ಮೊದಲು ಇತ್ಯರ್ಥವಾಗಬೇಕಿತ್ತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್‌ನ ಲೆಕ್ಕವೂ ಹೀಗೆಯೇ. ಅದರ ಅಂಕಿಪಟ್ಟಿ ಎಣಿಸುವುದು ನಳ ಸಂಪರ್ಕಗಳನ್ನು. ಯೋಜನೆಯ ಗುರಿ ತಲಾ ದಿನಕ್ಕೆ 55 ಲೀಟರ್ ನೀರು. ಏಪ್ರಿಲ್‌ನಲ್ಲಿ ನಳ ತಿರುಗಿಸಿದರೆ ಗಾಳಿ ಬರುವ ಮನೆಯೂ ಸಂಪರ್ಕದ ಪಟ್ಟಿಯಲ್ಲಿ ಒಂದು ಅಂಕಿಯೇ.

ವೆಚ್ಚ ಏರುವುದು ಎಲ್ಲಿ

ಏರಿಕೆಯೆಲ್ಲ ಭ್ರಷ್ಟಾಚಾರವಲ್ಲ. 2022ರ ಜುಲೈ 18ರಿಂದ ಸರಕಾರಿ ಕಾಮಗಾರಿಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿತು. ಅಂದಾಜುಪಟ್ಟಿ ಹಳೆಯದಾದರೆ ವ್ಯತ್ಯಾಸ ಯಾರ ತಲೆಗೆ ಎಂಬ ಜಗಳ ಶುರು. ಇದಲ್ಲದೆ ಕಾರ್ಮಿಕ ಕಲ್ಯಾಣದ ಶೇ. 1 ಸೆಸ್ ಇದೆ, ಮೆಸ್ಕಾಂ ಕಂಬ ಮತ್ತು ನೀರಿನ ಪೈಪ್ ಸ್ಥಳಾಂತರದ ಖರ್ಚಿದೆ. ಅಗೆದಾಗ ಬಂಡೆ ಸಿಕ್ಕರೆ ಹೆಚ್ಚುವರಿ ಪರಿಮಾಣ ಬೀಳುತ್ತದೆ. ನಮ್ಮ ಕಡೆ ಭೂಮಿಯ ಬೆಲೆ ಇವೆಲ್ಲವನ್ನೂ ಮೀರಿಸುತ್ತದೆ. ಮೂಡುಬಿದಿರೆ ಹೆದ್ದಾರಿಯಲ್ಲಿ ಭೂಮಾಲೀಕರು ಪರಿಹಾರ ನಿಗದಿಯನ್ನು ಪ್ರಶ್ನಿಸಿ ಹೈಕೋರ್ಟ್‌ವರೆಗೆ ಹೋದರು. ತೋಟದ ಜಾಗ, ಪರಿವರ್ತಿತ ಜಾಗ, ಪೇಟೆಯ ಅಂಚಿನ ಜಾಗ ಎಲ್ಲವೂ ಒಂದೇ ರಸ್ತೆಯ ಬದಿಯಲ್ಲಿರುವ ಊರಿನಲ್ಲಿ ಇದು ಆಗದಿದ್ದರೆ ಆಶ್ಚರ್ಯ.

ತಡವೇ ಅತಿ ದುಬಾರಿ ಬಾಬ್ತು. ನೇತ್ರಾವತಿಯ ಮೇಲ್ಭಾಗದ ಹಳ್ಳಗಳ ನೀರನ್ನು ಪೂರ್ವಕ್ಕೆ ಒಯ್ಯುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅನುಮೋದನೆಯಾದ ಮೊತ್ತ 12,912 ಕೋಟಿ ರೂಪಾಯಿ. 2023ರ ಪರಿಷ್ಕೃತ ಮೊತ್ತ 23,251 ಕೋಟಿ. ಮೊದಲ ಹಂತದ ನೀರೆತ್ತುವ ಕೆಲಸ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರಂದು. ಕೆಳಭಾಗದಲ್ಲಿರುವ ಬಂಟ್ವಾಳದವರು ಹೊಳೆಯ ಬಗ್ಗೆ ಎತ್ತಿದ ಪ್ರಶ್ನೆ ಒಂದು ಕಡೆಗಿರಲಿ. ಒಂಬತ್ತು ವರ್ಷದಲ್ಲಿ ವೆಚ್ಚ ಸುಮಾರು ಶೇ. 80ರಷ್ಟು ಏರಿದ್ದು ಲೆಕ್ಕದ ಮಾತು.

ಹೆದ್ದಾರಿಯ ಲೆಕ್ಕ ಬೇರೆ

ದೊಡ್ಡ ಹೆದ್ದಾರಿಗಳಲ್ಲಿ ಹಳ್ಳಿ ರಸ್ತೆಯಂತೆ ಘನ ಮೀಟರ್ ಲೆಕ್ಕದಲ್ಲಿ ಬಿಲ್ಲಾಗುವುದಿಲ್ಲ. ಬಿ.ಸಿ.ರೋಡ್–ಅಡ್ಡಹೊಳೆಯ 63 ಕಿಲೋಮೀಟರ್ ಅನ್ನು ಮೊದಲು ಎಲ್ ಅಂಡ್ ಟಿ ಕೈಗೆತ್ತಿಕೊಂಡಿತ್ತು. ಅದು ಹಿಂದೆ ಸರಿದ ಮೇಲೆ ಪೆರಿಯಶಾಂತಿಯಲ್ಲಿ ಎರಡಾಗಿ ತುಂಡರಿಸಿ ಬೇರೆ ಇಬ್ಬರಿಗೆ ವಹಿಸಲಾಯಿತು. ಇಂಥ ಗುತ್ತಿಗೆಯಲ್ಲಿ ವಿನ್ಯಾಸವೂ ನಿರ್ಮಾಣವೂ ಗುತ್ತಿಗೆದಾರನ ಹೊಣೆ. ಒಟ್ಟು ಮೊತ್ತವನ್ನು ರಸ್ತೆ, ಸೇತುವೆ, ಮೇಲ್ಸೇತುವೆ ಎಂದು ಶೇಕಡಾವಾರು ಹಂಚಿ, ಹಂತ ಮುಗಿದಂತೆ ಹಣ ಬಿಡುಗಡೆಯಾಗುತ್ತದೆ. ಕಲ್ಲಡ್ಕದ 2 ಕಿಲೋಮೀಟರ್‌ಗೂ ಮೀರಿದ ಮೇಲ್ಸೇತುವೆ 2025ರಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮುಂಚಿನ ಮಳೆಗಾಲಗಳಲ್ಲಿ ಅದರ ಬುಡದ ಕೆಸರಲ್ಲಿ ತೆವಳಿದ ಬಸ್ ಪ್ರಯಾಣಿಕರ ನಷ್ಟಕ್ಕೆ ಯಾವ ಪಟ್ಟಿಯಲ್ಲೂ ಅಂಕಣವಿಲ್ಲ.

ಬಿಕರ್ನಕಟ್ಟೆ–ಸಾಣೂರಿನದು ಮತ್ತೊಂದು ಪದ್ಧತಿ, ಹೈಬ್ರಿಡ್ ಆನ್ಯುಯಿಟಿ. ನಿರ್ಮಾಣದ ಹೊತ್ತಿನಲ್ಲಿ ಸರಕಾರ ಶೇ. 40ರಷ್ಟು ಕೊಡುತ್ತದೆ, ಉಳಿದದ್ದನ್ನು ಕಂಪೆನಿ ಸಾಲ ತಂದು ಹಾಕಿ, ರಸ್ತೆ ಮುಗಿದ ಮೇಲೆ ವರ್ಷಗಟ್ಟಲೆ ಕಂತುಗಳಲ್ಲಿ ಬಡ್ಡಿ ಸಹಿತ ಪಡೆಯುತ್ತದೆ. ಉದ್ಘಾಟನೆಯ ದಿನ ಹೇಳುವ ‘ವೆಚ್ಚ’ ಸರಕಾರ ಕೊನೆಗೆ ಕೊಡುವ ಮೊತ್ತವಲ್ಲ ಎಂಬುದು ಇಲ್ಲಿ ನೆನಪಿರಬೇಕಾದ ಸಂಗತಿ.

ಪರದೆಯ ಮೇಲಿನ ಕಾಮಗಾರಿ

ಗ್ರಾಮೀಣಾಭಿವೃದ್ಧಿ ಇಲಾಖೆಯ ‘ಗಾಂಧಿ ಸಾಕ್ಷಿ ಕಾಯಕ’ ತಂತ್ರಾಂಶದಲ್ಲಿ ಕಾಮಗಾರಿಯ ಅನುಮೋದನೆಯಿಂದ ಬಿಲ್ಲಿನವರೆಗಿನ ವಿವರ ದಾಖಲಾಗುತ್ತದೆ. ಗ್ರಾಮ ಪಂಚಾಯತ್‌ನ ಲೆಕ್ಕಕ್ಕೆ ಪಂಚತಂತ್ರ, ಗ್ರಾಮ ಸಡಕ್ ರಸ್ತೆಗಳಿಗೆ ಅದರದೇ ಕೇಂದ್ರ ಜಾಲತಾಣ ಇದೆ. ಗ್ರಾಮ ಸಡಕ್ ರಸ್ತೆಯನ್ನು 5 ವರ್ಷ ನಿರ್ವಹಿಸುವುದು ಗುತ್ತಿಗೆದಾರನದೇ ಹೊಣೆ.

ಉದ್ಯೋಗ ಖಾತ್ರಿಯಲ್ಲಿ ಕೆಲಸಕ್ಕೆ ಮೊದಲು, ಕೆಲಸದ ನಡುವೆ, ಮುಗಿದ ಮೇಲೆ ಎಂದು ಮೂರು ಹಂತದ ಜಿಯೋಟ್ಯಾಗ್ ಫೋಟೊ ಬಂತು. 2023ರ ಜನವರಿ 1ರಿಂದ ಮೊಬೈಲ್ ಹಾಜರಾತಿ ಕಡ್ಡಾಯವಾಯಿತು. ಎರಡೂವರೆ ವರ್ಷ ಕಳೆದ ಮೇಲೆ, 2025ರ ಜುಲೈಯಲ್ಲಿ, ಫೋಟೊದ ಫೋಟೊ ತೆಗೆದು ಹಾಕುವುದು, ಸಂಬಂಧವಿಲ್ಲದ ಚಿತ್ರ ಹಾಕುವುದು ನಡೆಯುತ್ತಿದೆ ಎಂದು ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ಪೋರ್ಟಲ್ ಬಂದದ್ದರಿಂದ ಕಾಗದ ಕೇಳುವ ಕೆಲಸ ತಪ್ಪಿಲ್ಲ.

ಮಳೆ ಮತ್ತು ತುರ್ತು

ಕರಾವಳಿಯಲ್ಲಿ ಡಾಮರಿನ ಕೆಲಸಕ್ಕೆ ಸಿಗುವುದು ನವೆಂಬರ್‌ನಿಂದ ಮೇವರೆಗಿನ ಕಾಲ. ಕಾರ್ಯಾದೇಶ ಫೆಬ್ರವರಿಯಲ್ಲಿ ಸಿಕ್ಕಿತೆಂದರೆ ಒಂದೋ ಮೇ ಕೊನೆಯ ಧಾವಂತ, ಇಲ್ಲವೇ ಮುಂದಿನ ವರ್ಷ. ಅವಧಿ ‘ಮಳೆಗಾಲ ಸೇರಿ’ಯೋ ‘ಹೊರತುಪಡಿಸಿ’ಯೋ ಎಂಬುದನ್ನು ಕರಾರಿನಲ್ಲಿ ನೋಡಬೇಕು.

ನೆರೆ ಬಂದಾಗ ನಿಯಮವೇ ಸಡಿಲುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಭಾಗದಲ್ಲಿ ಗುಡ್ಡ ಜರಿದು, ಹೊಳೆ ಉಕ್ಕಿ, ಸಂಕ ರಸ್ತೆಗಳು ಕೊಚ್ಚಿಹೋದವು, ಘಾಟಿ ಮುಚ್ಚಿತು. ಘೋಷಿತ ಪ್ರಕೃತಿ ವಿಕೋಪದ ಅವಧಿಯಲ್ಲಿ ಟೆಂಡರ್‌ನಿಂದ ವಿನಾಯಿತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ, ಇರಬೇಕಾದದ್ದೂ ಹೌದು. ಆದರೆ ಟೆಂಡರ್‌ಗೆ ವಿನಾಯಿತಿಯೇ ಹೊರತು ಎಂ.ಬಿ.ಗೆ ಅಲ್ಲ. ತುರ್ತಿನಲ್ಲಿ ಸುರಿದ ಮಣ್ಣು ಮುಂದಿನ ಮಳೆಗೆ ಹೋಗಿಬಿಡುವುದರಿಂದ ಅಲ್ಲಿ ಅಳತೆ ಆಗಲೇ ಆಗಬೇಕು.

ಊರಿನವರ ಕೈಯಲ್ಲಿರುವುದು

ಗ್ರಾಮ ಪಂಚಾಯತ್‌ಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಹೊರಗಿನ ಅಧಿಕಾರಿಯೊಬ್ಬರು ಬಂದು ಹಿಂದಿನ ವರ್ಷದ ಲೆಕ್ಕ ನೋಡಿ, ಕಾಮಗಾರಿಯ ಸ್ಥಳಕ್ಕೂ ಹೋಗುವ ಸಾರ್ವಜನಿಕ ಪರಿಶೀಲನೆ ಇದು. ಗ್ರಾಮಸಭೆಗಿಂತ ಇದೇ ಹೆಚ್ಚು ಹರಿತವಾದ ಆಯುಧ ಎಂಬುದು ನನ್ನ ಅಭಿಪ್ರಾಯ.

ಪುರಸಭೆ, ಲೋಕೋಪಯೋಗಿ, ಹೆದ್ದಾರಿ ಪ್ರಾಧಿಕಾರಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ರಾಜ್ಯದ ಕಚೇರಿಗಾದರೆ ಅರ್ಜಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, ಉತ್ತರಕ್ಕೆ 30 ದಿನ. ‘ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. ಕಾಮಗಾರಿಯ ಹೆಸರು, ವರ್ಷ ಬರೆದು ಅಂದಾಜುಪಟ್ಟಿ, ಕಾರ್ಯಾದೇಶ, ಎಂ.ಬಿ. ಪುಟಗಳು, ಬಿಲ್ಲಿನ ಪ್ರತಿ ಎಂದು ಕೇಳಿ. ಕಾಯ್ದೆಯ 2(ಜೆ) ಕಲಮಿನಡಿ ಕಾಮಗಾರಿಯನ್ನು ಸ್ವತಃ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಅದನ್ನು ಬಳಸುವವರು ಕಡಿಮೆ. ದೋಷ ಹೊಣೆಗಾರಿಕೆಯ ಅವಧಿ ಯಾವ ದಿನ ಮುಗಿಯುತ್ತದೆ ಎಂಬುದನ್ನೂ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಆ ದಿನದೊಳಗೆ ಲಿಖಿತ ದೂರು ಕೊಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಭದ್ರತಾ ಠೇವಣಿಯೂ ಅಷ್ಟರವರೆಗೆ ಇಲಾಖೆಯ ಕೈಯಲ್ಲಿರುತ್ತದೆ. ಅವಧಿ ಮುಗಿದ ಮೇಲೆ ಅದೇ ಹೊಂಡಕ್ಕೆ ಹೊಸ ಅಂದಾಜುಪಟ್ಟಿ ಬೇಕು.