ಆಟದ ನಡುವೆ ಮಾನಿಟರ್ ಮಿಣುಕುತ್ತಿದೆಯೇ? ತಲೆನೋವು, ಫಿಟ್ಸ್ ಇರುವವರು ತಿಳಿದಿರಬೇಕಾದದ್ದು

ಮಾನಿಟರ್ ಮಿಣುಕುವುದು ರಿಪೇರಿ ಅಂಗಡಿಯ ವಿಷಯ, ಆರೋಗ್ಯದ ಅಂಕಣದಲ್ಲಿ ಅದಕ್ಕೇನು ಕೆಲಸ ಎಂದು ನಿಮಗೆ ಅನಿಸಬಹುದು. ಮನೆಯಲ್ಲಿ ಮೈಗ್ರೇನ್ ಅಥವಾ ಮೂರ್ಛೆರೋಗ ಇರುವವರಿದ್ದರೆ ಹಾಗೆ ಅನಿಸುವುದಿಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಎಷ್ಟೋ ಮಕ್ಕಳು ಓದಲು, ಕೆಲಸ ಮಾಡಲು ಪುಣೆಗೆ ಹೋಗುತ್ತಾರೆ. ಕೊಥ್ರೂಡ್ ಅಥವಾ ಹಿಂಜೆವಾಡಿಯ ಬಾಡಿಗೆ ರೂಮಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಗೇಮ್ ಆಡುವ ಮಗ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವನಾಗಿದ್ದರೆ, ಊರಲ್ಲಿರುವ ತಂದೆ ತಾಯಿಗೆ ಇದು ನಿದ್ದೆ ಕೆಡಿಸುವ ವಿಷಯವೇ. ಈ ಬರಹ ಅವನಿಗೂ, ಫೋನಿನಲ್ಲಿ ಅವನನ್ನು ವಿಚಾರಿಸುವ ನಿಮಗೂ.

ಮಿಣುಕಾಟದಲ್ಲಿ ಎರಡು ಬಗೆ

ಮೊದಲನೆಯದು ಕಣ್ಣಿಗೆ ಕಾಣುವ ಮಿಣುಕು. ಪರದೆ ಪಟಪಟನೆ ಬೆಳಕಾಗಿ ಕಪ್ಪಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣದು. ಕೆಲವು ಮಾನಿಟರ್‌ಗಳು ಬೆಳಕನ್ನು ಕಡಿಮೆ ಮಾಡಲು ಹಿಂಬದಿಯ ದೀಪವನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹಚ್ಚುತ್ತವೆ. ನೋಡುವವರಿಗೆ ಪರದೆ ಸ್ಥಿರವಾಗಿಯೇ ಇದೆ ಅನಿಸುತ್ತದೆ. ಆದರೆ ಒಂದೆರಡು ಗಂಟೆಯ ನಂತರ ಕೆಲವರಿಗೆ ಕಣ್ಣು ಭಾರವಾಗುತ್ತದೆ, ಹಣೆಯ ಪಕ್ಕ ನೋವು ಶುರುವಾಗುತ್ತದೆ. ಮೈಗ್ರೇನ್ ಇರುವವರಿಗೆ ಈ ತೊಂದರೆ ಹೆಚ್ಚು.

ಫಿಟ್ಸ್ ವಿಷಯದಲ್ಲಿ ಮುಖ್ಯವಾಗಿ ಅಪಾಯ ತರುವುದು ಕಾಣುವ ಮಿಣುಕೇ. ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಾತ್ರ ಬೆಳಕಿನ ಮಿಣುಕಿನಿಂದ ಫಿಟ್ಸ್ ಬರುತ್ತದೆ. ಇದನ್ನು ಫೋಟೋಸೆನ್ಸಿಟಿವ್ ಎಪಿಲೆಪ್ಸಿ ಎನ್ನುತ್ತಾರೆ. ಉಳಿದವರು ಹೆದರಿ ಕಂಪ್ಯೂಟರ್ ಬಿಡಬೇಕಾಗಿಲ್ಲ. ಇದು ಹೆಚ್ಚಾಗಿ ಕಾಣಿಸುವುದು ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ, ಅಂದರೆ ಗೇಮ್ ಆಡುವ ವಯಸ್ಸಿನಲ್ಲಿಯೇ. ಸೆಕೆಂಡಿಗೆ 3ರಿಂದ 30 ಬಾರಿ ಮಿಣುಕುವ ಬೆಳಕು ಅಪಾಯಕಾರಿ. ಅದರಲ್ಲೂ 15ರಿಂದ 25 ಬಾರಿಯದು ಹೆಚ್ಚು ಕೆಟ್ಟದ್ದು. ಕಡು ಕೆಂಪು ಬಣ್ಣದ ಮಿಂಚು ಇನ್ನೂ ಕೆಟ್ಟದ್ದು.

ಇಲ್ಲಿ ಬಹಳ ಜನ ಒಂದು ಮಾತನ್ನು ಮರೆಯುತ್ತಾರೆ. ಮಾನಿಟರ್ ಸರಿಯಾದರೂ ಆಟದೊಳಗಿನ ಮಿಂಚು ಹೋಗುವುದಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ನೋಡಿ ಸುಮಾರು 685 ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಹೋಗಬೇಕಾಯಿತು. ಯಾರ ಮನೆಯ ಟಿವಿಯೂ ಕೆಟ್ಟಿರಲಿಲ್ಲ. ಕೆಂಪು, ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಬದಲಾಗುವ ದೃಶ್ಯವೊಂದು ಕೆಲವೇ ಸೆಕೆಂಡು ಬಂದಿತ್ತು. ಆಸ್ಪತ್ರೆಗೆ ಹೋದ ಎಲ್ಲರಿಗೂ ಫಿಟ್ಸ್ ಆಗಿರಲಿಲ್ಲ. ಆದರೆ ಫಿಟ್ಸ್ ಬಂದವರಲ್ಲಿ ಹೆಚ್ಚಿನವರಿಗೆ ಅದೇ ಮೊದಲು. ಹಾಗಾಗಿ ಆಟ ಶುರುವಾಗುವಾಗ ಬರುವ ಎಚ್ಚರಿಕೆಯನ್ನು ಓದದೆ ಒತ್ತಿ ಮುಂದೆ ಹೋಗಬೇಡಿ. ಆಟದ ಸೆಟ್ಟಿಂಗ್ಸ್‌ನಲ್ಲಿ ಮಿಂಚು ಕಡಿಮೆ ಮಾಡುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ.

ಮಿಣುಕು ಎಲ್ಲಿಂದ ಬರುತ್ತಿದೆ?

ಫಿಟ್ಸ್ ಇರುವವರು ಈ ಪರೀಕ್ಷೆಗಳನ್ನು ತಾವೇ ಮಾಡಬಾರದು, ಮಿಣುಕುವ ಪರದೆಯನ್ನು ನೋಡುತ್ತ ಕೂರಬಾರದು. ರೂಮಿನ ಗೆಳೆಯ ಮಾಡಲಿ.

ಮೊದಲು ಮಾನಿಟರ್‌ನ ಬಟನ್ ಒತ್ತಿ ಅದರದೇ ಮೆನು ತೆರೆಯಿರಿ. ಆ ಮೆನುವೂ ಮಿಣುಕಿದರೆ ದೋಷ ಬಹುತೇಕ ಮಾನಿಟರ್‌ನಲ್ಲಿ ಅಥವಾ ಅದಕ್ಕೆ ಬರುವ ಕರೆಂಟಿನಲ್ಲಿದೆ. ಮೆನು ಸ್ಥಿರವಾಗಿದ್ದು ಹಿಂದಿನ ಚಿತ್ರ ಮಾತ್ರ ಮಿಣುಕಿದರೆ ಕಂಪ್ಯೂಟರ್ ಕಡೆ ಅಥವಾ ಕೇಬಲ್ ಕಡೆ ನೋಡಿ. ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದೂ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್‌ನ ತೊಂದರೆ ಇರಬಹುದು. ಅದೊಂದು ಬಿಟ್ಟು ಉಳಿದದ್ದೆಲ್ಲ ಮಿಣುಕಿದರೆ ಯಾವುದೋ ಹೊಂದಿಕೆಯಾಗದ ಆ್ಯಪ್ ಕಾರಣ.

ಕೇಬಲ್ ಎರಡೂ ತುದಿ ಕಳಚಿ ಗಟ್ಟಿಯಾಗಿ ಸಿಕ್ಕಿಸಿ, ಆಗದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ. ಹೆಚ್ಚು ರಿಫ್ರೆಶ್ ರೇಟ್‌ನ ಮಾನಿಟರ್‌ಗೆ ಹಳೆಯ ಎಚ್‌ಡಿಎಂಐ ಕೇಬಲ್ ಸಾಲದೆ ಪರದೆ ಆಗಾಗ ಕಪ್ಪಾಗುವುದುಂಟು. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ, ಒಂದು ಹಂತ ಇಳಿಸಿ ಪರೀಕ್ಷಿಸಿ. ಗ್ರಾಫಿಕ್ಸ್ ಡ್ರೈವರ್ ಅನ್ನು ತಯಾರಕರ ಜಾಲತಾಣದಿಂದಲೇ ಹೊಸದು ಹಾಕಿಕೊಳ್ಳಿ.

ಆಟ ಆಡುವಾಗ ಮಾತ್ರ, ಅದರಲ್ಲೂ ಲೋಡಿಂಗ್ ಪರದೆಯಲ್ಲಿ ಅಥವಾ ಕತ್ತಲೆಯ ದೃಶ್ಯದಲ್ಲಿ ಮಿಣುಕುತ್ತದೆಯೇ? ಇದಕ್ಕೆ ಕಾರಣ ಸಾಮಾನ್ಯವಾಗಿ ಫ್ರೀಸಿಂಕ್ ಅಥವಾ ಜಿ-ಸಿಂಕ್. ಆಟದ ಚಿತ್ರಗಳು ಎಷ್ಟು ವೇಗವಾಗಿ ತಯಾರಾಗುತ್ತವೋ ಅದಕ್ಕೆ ತಕ್ಕಂತೆ ಪರದೆ ತನ್ನ ವೇಗ ಬದಲಿಸಿಕೊಳ್ಳುವ ವ್ಯವಸ್ಥೆ ಇದು. ಆ ವೇಗ ಏಕಾಏಕಿ ಏರಿಳಿದಾಗ ವಿಎ ಮತ್ತು ಓಲೆಡ್ ಪರದೆಗಳಲ್ಲಿ ಬೆಳಕೂ ಏರಿಳಿಯುತ್ತದೆ. ಮಾನಿಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮುನ್ನ ಇದನ್ನು ಆಫ್ ಮಾಡಿ ನೋಡಿ. ಅಲ್ಲಿಗೆ ಎಷ್ಟೋ ಜನರ ತೊಂದರೆ ಮುಗಿಯುತ್ತದೆ. ಆಫ್ ಮಾಡಲು ಮನಸ್ಸಿಲ್ಲದಿದ್ದರೆ ಆಟದ ಫ್ರೇಮ್ ರೇಟ್‌ಗೆ ಮಿತಿ ಹಾಕಿ, ಏರಿಳಿತ ಕಡಿಮೆಯಾಗುತ್ತದೆ. ಫಿಟ್ಸ್ ಇರುವವರು ಮಾತ್ರ ಆಫ್ ಮಾಡುವುದೇ ಒಳ್ಳೆಯದು. ಚಿತ್ರ ಸ್ವಲ್ಪ ಹರಿದಂತೆ ಕಂಡರೆ ಕಾಣಲಿ.

ಗೇಮಿಂಗ್ ಮಾನಿಟರ್‌ಗಳಲ್ಲಿ ಮೋಷನ್ ಬ್ಲರ್ ಕಡಿಮೆ ಮಾಡುವ ಮೋಡ್ ಇರುತ್ತದೆ. ಪ್ರತಿ ಚಿತ್ರದ ನಡುವೆ ದೀಪವನ್ನು ಬೇಕೆಂದೇ ಆರಿಸುವುದು ಅದರ ಕೆಲಸ. ತಲೆನೋವು ಬರುವವರು ಅದನ್ನು ಮುಟ್ಟದಿರುವುದೇ ಮೇಲು. ಬ್ರೈಟ್‌ನೆಸ್ ಕಡಿಮೆ ಇಟ್ಟಾಗ ಮಾತ್ರ ಕಣ್ಣು ನೋಯುತ್ತಿದ್ದರೆ ಆಗ ಹೇಳಿದ ಕಾಣದ ಮಿಣುಕನ್ನು ಶಂಕಿಸಿ. ಬ್ರೈಟ್‌ನೆಸ್ ಏರಿಸಿ, ಕಣ್ಣಿಗೆ ಕುಕ್ಕದಂತೆ ರೂಮಿನ ದೀಪವನ್ನೂ ಹಚ್ಚಿ.

ಕರೆಂಟಿನ ಕಡೆಯೂ ಒಮ್ಮೆ ನೋಡಿ

ಬಾಡಿಗೆ ರೂಮುಗಳಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾನಿಟರ್, ಲ್ಯಾಪ್‌ಟಾಪ್, ಇಸ್ತ್ರಿಪೆಟ್ಟಿಗೆ, ಚಹಾದ ಕೆಟಲ್ ಎಲ್ಲ ಜೋತುಬಿದ್ದಿರುತ್ತವೆ. ಕೆಟಲ್ ಹಾಕಿದಾಗಲೇ ಪರದೆ ಮಿಣುಕಿದರೆ ಉತ್ತರ ಅಲ್ಲೇ ಇದೆ. ಮಾನಿಟರ್ ಅನ್ನು ಗೋಡೆಯ ಸಾಕೆಟ್‌ಗೆ ಹಾಕಿ. ಇಡೀ ಮನೆಯ ದೀಪಗಳು ಮಂಕಾಗಿ ಏರಿಳಿಯುತ್ತಿದ್ದರೆ ಮನೆ ಮಾಲೀಕರಿಗೆ ಹೇಳಿ, ಮಹಾವಿತರಣಕ್ಕೆ 1912ರಲ್ಲಿ ದೂರು ಕೊಡಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ, ಕೆಟ್ಟ ಟ್ಯೂಬು ಕಣ್ಣಿಗೆ ಕಾಣುವಷ್ಟೇ ಮಿಣುಕುತ್ತದೆ. ಎಷ್ಟೋ ಸಲ ಮಾನಿಟರ್ ಮೇಲೆ ಹೊರಿಸಿದ ತಪ್ಪು ತಲೆಯ ಮೇಲಿನ ಟ್ಯೂಬಿನದಾಗಿರುತ್ತದೆ. ಮಾನಿಟರ್‌ನ ಹಿಂಬದಿ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ.

ಫಿಟ್ಸ್ ಇರುವವರು ಆಡುವುದಾದರೆ

ಕತ್ತಲೆ ರೂಮಿನಲ್ಲಿ ಆಡಬೇಡಿ, ಪರದೆಯಿಂದ ದೂರ ಕುಳಿತುಕೊಳ್ಳಿ, ಆಗಾಗ ಎದ್ದು ಓಡಾಡಿ. ಏಕಾಏಕಿ ಮಿಂಚು ಬಂದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಿ. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರೆ ಸಾಕೆಂದು ತೋರುತ್ತದೆ, ಆದರೆ ಬೆಳಕು ರೆಪ್ಪೆಯ ಮೂಲಕವೂ ಒಳಗೆ ಹೋಗುತ್ತದೆ. ನಿದ್ದೆಗೆಟ್ಟಾಗ, ಮಾತ್ರೆ ತಪ್ಪಿದಾಗ, ಮದ್ಯ ಕುಡಿದಾಗ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಪರದೆಯ ಮಿಣುಕಿಗಿಂತ ರಾತ್ರಿಯ ಜಾಗರಣೆಯೇ ಹೆಚ್ಚು ಜನರಿಗೆ ಕೆಡುಕು ಮಾಡುತ್ತದೆ.

ಇನ್ನೊಂದು ಲಕ್ಷಣವನ್ನು ಮನೆಯವರು ಫೋನಿನಲ್ಲಿ ಕೇಳಿಯಾದರೂ ತಿಳಿದುಕೊಳ್ಳಿ. ಬೆಳಿಗ್ಗೆ ಎದ್ದಕೂಡಲೇ ಕೈ ಝಟ್ಟನೆ ಕುಪ್ಪಳಿಸುವುದು, ಹಲ್ಲುಜ್ಜುವ ಬ್ರಷ್ ಅಥವಾ ಚಹಾದ ಲೋಟ ಕೈಯಿಂದ ಹಾರುವುದು ಇದೆಯೇ? ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆರೋಗ ಹೀಗೆ ಕಾಣಿಸಿಕೊಳ್ಳುತ್ತದೆ, ಅದು ಇರುವ ಹಲವರಿಗೆ ಮಿಣುಕು ಬೆಳಕೂ ಆಗುವುದಿಲ್ಲ. ನಿದ್ದೆಗಣ್ಣು ಎಂದು ಬಿಟ್ಟುಬಿಡಬೇಡಿ, ನರರೋಗ ತಜ್ಞರಿಗೆ ತೋರಿಸಿ. ಇಇಜಿ ಮಾಡುವಾಗ ಬೆಳಕು ಮಿಣುಕಿಸಿ ನೋಡುವ ಪರೀಕ್ಷೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಪುಣೆಯಲ್ಲಿ ಸರಕಾರಿ ಸಸೂನ್ ಆಸ್ಪತ್ರೆ ಇದೆ, ಮೂರ್ಛೆರೋಗ ಇರುವವರಿಗಾಗಿ ಕೆಲಸ ಮಾಡುವ ಸಂವೇದನಾ ಫೌಂಡೇಶನ್ ಕೂಡ ಅಲ್ಲಿದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ರೂಮಿನ ಗೆಳೆಯರಿಗೆ ಹೇಳಿಡಬೇಕಾದದ್ದು

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಕುರ್ಚಿ, ಮೇಜು ದೂರ ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಡಿ, ಮಾನಿಟರ್ ಆಫ್ ಮಾಡಿ. ಕೈಕಾಲು ಹಿಡಿದು ಅದುಮಬೇಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೀ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ನಮ್ಮಲ್ಲಿ ಬಹಳ ರೂಢಿ. ಅದರಿಂದ ಏನೂ ಪ್ರಯೋಜನವಿಲ್ಲ, ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುವುದರಿಂದ ಕೀಲಿಗೆ ಹೆಸರು ಬಂದಿದೆ ಅಷ್ಟೆ. ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಮಲಗಿಸಿ, ಪೂರ್ತಿ ಎಚ್ಚರ ಬರುವವರೆಗೆ ಜೊತೆಗಿರಿ.

ಐದು ನಿಮಿಷ ಕಳೆದರೂ ನಿಲ್ಲದಿದ್ದರೆ, ಮತ್ತೆ ಮತ್ತೆ ಬಂದರೆ, ಬಿದ್ದು ಪೆಟ್ಟಾಗಿದ್ದರೆ ಅಥವಾ ಇದೇ ಮೊದಲ ಸಲವಾಗಿದ್ದರೆ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರದಲ್ಲೂ ಆಂಬುಲೆನ್ಸ್ ಸಂಖ್ಯೆ ಅದೇ. ಅಲ್ಲಿ ಜನ ಫಿಟ್ಸ್‌ಗೆ ಆಕಡಿ, ಫೇಫರೇ ಎನ್ನುತ್ತಾರೆ. ಮರಾಠಿ ಬಾರದ ಗೆಳೆಯರು "ಆಕಡೀ ಆಲೀ ಆಹೇ" ಎಂದು ಹೇಳಿ ವಿಳಾಸ ಕೊಟ್ಟರೆ ಆ ಕಡೆಯವರಿಗೆ ತಿಳಿಯುತ್ತದೆ. ಈ ಮಾತನ್ನೂ ರೂಮಿನ ವಿಳಾಸವನ್ನೂ, ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಮಾನಿಟರ್‌ನ ಹಿಂದೆ ಅಂಟಿಸಿಡಲು ಹೇಳಿ.