ಮನೆಯಲ್ಲುಳಿದ ಯುದ್ಧಪದಕ

ಹಿರಿಯರಿಂದ ಬಂದ ಭೂಮಿಗೆ ಪತ್ರವುಂಟು, ಒಡವೆಗೆ ತೂಕವುಂಟು. ಯುದ್ಧಪದಕದ ಬೆಲೆಯಾದರೋ ಅದು ಯಾರಿಗೆ, ಯಾವ ಕಾರ್ಯಕ್ಕಾಗಿ ದೊರೆಯಿತೆಂಬ ತಿಳಿವಳಿಕೆಯಲ್ಲಿ ನಿಂತಿದೆ. ಆ ತಿಳಿವಳಿಕೆ ಮನೆಯ ಹಿರಿಯರೊಡನೆ ಅಳಿದುಹೋದರೆ ಉಳಿಯುವುದು ಬರಿಯ ಲೋಹದ ಬಿಲ್ಲೆ. ಈ ಮಾತಿಗೆ ಮಂಗಳೂರಿನ ಚರಿತ್ರೆಗೆ ಸೇರಿದ ಒಂದು ಪದಕವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಕೊಡಗನ್ನು ವಶಪಡಿಸಿಕೊಂಡು, ಅದಕ್ಕೆ ಸೇರಿದ್ದ ಅಮರಸುಳ್ಯದ ಸೀಮೆಯನ್ನು ಕನ್ನಡ ಜಿಲ್ಲೆಗೆ ಕೂಡಿಸಿತು. ಅದುವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ನಗದಾಗಿಯೇ ತೆರಬೇಕಾಯಿತು. ರೈತರ ಅಸಮಾಧಾನವು ೧೮೩೭ರ ಮಾರ್ಚಿಯಲ್ಲಿ ದಂಗೆಯಾಗಿ ಸಿಡಿಯಿತು. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನವನ್ನು ಕೂಡಿಸಿ, ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಏಪ್ರಿಲ್ ತಿಂಗಳ ಆದಿಭಾಗದಲ್ಲಿ ಮಂಗಳೂರನ್ನೇ ಪ್ರವೇಶಿಸಿದರು. ಸುಮಾರು ಎರಡು ವಾರಗಳ ಕಾಲ ಪಟ್ಟಣವು ಅವರ ಕೈಯಲ್ಲಿತ್ತು. ಬಳಿಕ ಕಂಪೆನಿಯ ಸೈನ್ಯ ಬಂದಿತು, ಮುಂದಾಳುಗಳು ಗಲ್ಲಿಗೇರಿದರು. ಕರಾವಳಿಯ ಜನ ಈ ಪ್ರಸಂಗವನ್ನು ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಕರೆಯುತ್ತಿದ್ದರು.

ಈ ದಂಗೆಯನ್ನಡಗಿಸಲು ನೆರವಾದ ಕೊಡಗಿನವರಿಗಾಗಿ ಕಂಪೆನಿಯು ಚಿನ್ನದಲ್ಲಿಯೂ ಬೆಳ್ಳಿಯಲ್ಲಿಯೂ ಒಂದು ಪದಕವನ್ನು ಅಚ್ಚುಹಾಕಿಸಿತು. ಅದರ ಅಡ್ಡಳತೆ ಸುಮಾರು ೫೦ ಮಿಲಿಮೀಟರ್. ಒಂದು ಮುಖದಲ್ಲಿ ಕತ್ತಿಯನ್ನೆತ್ತಿ ನಿಂತ ಕೊಡಗಿನ ವೀರ. ಇನ್ನೊಂದರಲ್ಲಿ ಆಯುಧಗಳೂ ಇಂಗ್ಲಿಷ್ ಬರಹವೂ ಇವೆ. ವೀರನ ಸುತ್ತಲಿನ ಬರಹವಾದರೋ ಕನ್ನಡದ್ದು. ದಂಗೆಯನ್ನಡಗಿಸುವುದರಲ್ಲಿ ತೋರಿದ ನಿಷ್ಠೆಗೆ ಕೊಟ್ಟ ಗುರುತೆಂಬುದು ಅದರ ತಾತ್ಪರ್ಯ.

೨೦೨೨ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡದಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಸ್ಥಾಪಿತವಾಯಿತು. ಅಂದು ದಂಗೆಕೋರರೆನಿಸಿದವರು ಇಂದು ಸ್ವಾತಂತ್ರ್ಯದ ಯೋಧರು. ಹಾಗಾದರೆ ಅವರನ್ನು ಸೋಲಿಸಿದ್ದಕ್ಕೆ ದೊರೆತ ಪದಕ ತಮ್ಮ ಮನೆಯಲ್ಲಿದ್ದರೆ ಅದನ್ನೇನು ಮಾಡಬೇಕು? ಬಚ್ಚಿಡಬೇಕೆ, ಕರಗಿಸಬೇಕೆ, ಮಾರಬೇಕೆ? ಮೂರೂ ಸಲ್ಲವೆಂದೇ ನಮ್ಮ ಅಭಿಪ್ರಾಯ. ಪದಕವನ್ನು ಕಾಪಾಡುವುದೆಂದರೆ ಅದನ್ನು ಕೊಟ್ಟವರ ತೀರ್ಪನ್ನು ಒಪ್ಪಿಕೊಂಡಂತಲ್ಲ. ಸೋತವರಿಗೆ ಯಾರೂ ಪದಕ ಕೊಡಲಿಲ್ಲ. ಗೆದ್ದವರ ಬೆಳ್ಳಿಯ ಮೇಲೆ ಕೊರೆದಿರುವ ಆ ವರ್ಷವೇ ಸೋತವರ ಹೋರಾಟಕ್ಕೂ ಸಾಕ್ಷಿಯಾಗಿದೆ. ಪರದೇಶದ ವ್ಯಾಪಾರಿಗಳ ಸರಕಾರವು ಇಲ್ಲಿನವರ ನಿಷ್ಠೆಯನ್ನು ಕನ್ನಡದಲ್ಲಿಯೇ ಕೊಂಡಾಡಬೇಕಾಯಿತೆಂಬ ಸಂಗತಿಯನ್ನೂ ಅದೇ ಹೇಳುತ್ತಿದೆ. ಸಾಕ್ಷಿ ಅಪ್ರಿಯವಾದೀತೆಂದು ಅದನ್ನು ನಾಶಮಾಡುವುದು ನ್ಯಾಯವಲ್ಲ.

೧೮೩೭ರ ಪದಕ ವಿರಳ. ಎರಡು ಮಹಾಯುದ್ಧಗಳ ಪದಕಗಳಾದರೋ ಹಲವು ಮನೆಗಳಲ್ಲಿರಬಹುದು. ಅವುಗಳ ವಿಷಯದಲ್ಲಿ ಒಂದು ಅನುಕೂಲವುಂಟು. ಭಾರತೀಯ ಸೈನಿಕರಿಗೆ ಕೊಟ್ಟ ದುಂಡು ಪದಕಗಳ ಅಂಚಿನಲ್ಲಿಯೂ, ಬರ್ಮಾ ತಾರೆಯಂಥವುಗಳ ಹಿಂಬದಿಯಲ್ಲಿಯೂ ಸೈನಿಕನ ಸಂಖ್ಯೆ, ಹೆಸರು, ದಳಗಳನ್ನು ಸಾಮಾನ್ಯವಾಗಿ ಅಚ್ಚೊತ್ತಿರುತ್ತಾರೆ. ಭೂತಗನ್ನಡಿ ಹಿಡಿದು ಓದಿದರೆ ಮನೆಯವರೇ ಮರೆತ ಸಂಗತಿ ತಿಳಿದುಬಂದೀತು.

ಆದುದರಿಂದ ಹಬ್ಬದ ದೀಪಗಳಂತೆ ಪದಕವನ್ನು ಹುಣಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕಬಾರದು. ಹೊಳಪಿನ ಆಸೆಗೆ ಅಕ್ಷರಗಳು ಸವೆಯುತ್ತವೆ. ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಲೋಹಕ್ಕೆ ಶತ್ರುಗಳು, ರೇಷ್ಮೆಪಟ್ಟಿಗಂತೂ ಬೂಷ್ಟೇ ಮೃತ್ಯು. ಒಣಗಿದ ಹತ್ತಿಬಟ್ಟೆಯಿಂದ ಮೆಲ್ಲನೆ ಒರಸಿ, ಅಂಚನ್ನು ಮಾತ್ರ ಹಿಡಿದು, ಒಂದೊಂದನ್ನೂ ಬೇರೆಬೇರೆಯಾಗಿ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಡನೆ ಮುಚ್ಚಿದ ಡಬ್ಬದಲ್ಲಿಡುವುದು ಲೇಸು. ಪಟ್ಟಿ ಹರಿದಿದ್ದರೂ ಬಿಸಾಡಬಾರದು. ಅಣ್ಣತಮ್ಮಂದಿರು ಪಾಲಾಗುವಾಗ ಒಬ್ಬನೇ ಸೈನಿಕನ ಪದಕಗಳನ್ನು ಹಂಚಿಕೊಳ್ಳಬಾರದು. ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಯ ಮೇರೆಗೆ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒಂದು ಹಾಳೆ ಕಾಗದ. ಪಡೆದವರು ಯಾರು, ಎಲ್ಲಿ ದುಡಿದರು, ಪದಕ ಯಾರ ಕೈಯಿಂದ ಯಾರ ಕೈಗೆ ಬಂದಿತು—ಇಷ್ಟನ್ನು ಬಲ್ಲ ಹಿರಿಯರಿಂದ ಕೇಳಿ ಬರೆದು, ಪದಕದೊಡನೆಯೇ ಇಡತಕ್ಕದ್ದು. ಕಪ್ಪಾದ ಬೆಳ್ಳಿಯನ್ನು ಬಲ್ಲವರು ಎಂದಾದರೂ ಬೆಳಗಿಯಾರು. ಮರೆತುಹೋದ ಹೆಸರನ್ನು ಬೆಳಗಬಲ್ಲ ಅಕ್ಕಸಾಲಿಗ ಇಲ್ಲ.